ಇಲ್ಲಿನ ಹೊಲ ಮಾರಿ ಅಲ್ಲಿನ ಹಳ್ಳಿಗೆ

ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ಆಗಿ ಇರಲು ಕೊಡುವ ಪರವಾನಗಿ. ಅದು ಏನು, ಹೇಗೆ ಸಿಗುತ್ತೆ ಅಂತ ನಮ್ಮಪ್ಪನಿಗೆ ಹತ್ತು ವರ್ಷದಿಂದ ಹೇಳುತ್ತಲೇ ಇದ್ದೆ. ಅದು ಅವರ ತಲೆಗೆ ಹೋಗಿದ್ದು ಕಾಲುವೆ ಮಾತಿನಲ್ಲಿ ಹೇಳಿದ ದಿನ.

2024ರ ಜುಲೈ. ಡಲ್ಲಾಸ್‌ನಿಂದ ಸಿಂಧನೂರಿಗೆ ಬಂದಿದ್ದೆ. ಮೂರು ವಾರ ರಜೆ, ಆಮೇಲೆ ಮೂರು ವಾರ ಊರಿಂದಲೇ ರಾತ್ರಿ ಕೆಲಸ. ಹಿಂದಿನ ವರ್ಷ ಬರ ಬಿದ್ದು ಎರಡನೇ ಬೆಳೆ ಇರಲಿಲ್ಲ. ಈ ಸಲ ಡ್ಯಾಮಿಗೆ ನೀರು ಚೆನ್ನಾಗಿ ಬಂದಿತ್ತು, ಹೊಲದಲ್ಲಿ ನಾಟಿ ಗಡಿಬಿಡಿ. ಅಪ್ಪ ಕಟ್ಟೆ ಮೇಲೆ ಕೂತು ಕೇಳಿದರು: "ತಮ್ಮಾ, ನಿಂದು ಕಾರ್ಡು ಇನ್ನೂ ಬಂದಿಲ್ಲೇನು? ಹನ್ನೆರಡು ವರ್ಷಾತು."

"ಅಪ್ಪಾ, ನಾನು ಮಾನ್ವಿ ಕಡೆ ರೈತ ಇದ್ದಂಗ" ಅಂದೆ. "ಕೊನೆಯಂಚು."

ಅಷ್ಟೇ ಸಾಕಾಯಿತು. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರು ಕಡೆ ಹೋಗುತ್ತದೆ. ಮೇಲಿನವರು ಎರಡೆರಡು ಬೆಳೆ ಭತ್ತ ಹಚ್ಚುತ್ತಾರೆ. ಕೊನೆಯಂಚಿನವರು ಪ್ರತಿ ವರ್ಷ ನೀರು ಬಿಡಿ ಅಂತ ರಸ್ತೆಗೆ ಇಳಿಯುತ್ತಾರೆ. ಅವ್ವನ ತವರು ಮಾನ್ವಿ ತಾಲೂಕು. ಹಾಗಾಗಿ ಈ ಸಂಕಟ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವತ್ತಿನಿಂದ ಅಪ್ಪ ಕಾರ್ಡು ಅನ್ನುವುದು ಬಿಟ್ಟರು. "ನಿನ್ನ ಪಾಳಿ ಎಲ್ಲೀತನ ಬಂತು?" ಅಂತಲೇ ಕೇಳುತ್ತಾರೆ.

ಆ ಪಾಳಿಯ ಲೆಕ್ಕ ಹೀಗಿದೆ. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳೂ ಇದರಲ್ಲೇ ಬರುತ್ತಾರೆ. ಒಂದು ದೇಶದವರಿಗೆ 7 ಪರ್ಸೆಂಟ್ ಮಿತಿ. ಸಣ್ಣ ದೇಶವಾದರೂ ಅಷ್ಟೇ, ಭಾರತವಾದರೂ ಅಷ್ಟೇ. ಬೇರೆಯವರು ಬಳಸದೆ ಉಳಿದರೆ ನಮಗೆ ಒಂದಿಷ್ಟು ಹರಿದು ಬರುತ್ತದೆ. ಕಂಪನಿ ನಮ್ಮ ಪರವಾಗಿ ಅಲ್ಲಿನ ಕಾರ್ಮಿಕ ಇಲಾಖೆಗೆ ಲೇಬರ್ ಅರ್ಜಿ ಹಾಕಿದ ದಿನವೇ ನಮ್ಮ ಪಾಳಿಯ ನಂಬರು. ನನ್ನದು 2015ರ ಮಾರ್ಚ್, ಹೆಚ್ಚು ಓದಿದವರ ಇಬಿ-2 ಸಾಲು. ಪ್ರತಿ ತಿಂಗಳು ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ಬುಲೆಟಿನ್ ಹೊರಡಿಸುತ್ತದೆ. ಅದರಲ್ಲಿ ಇಂಥ ದಿನಾಂಕದ ತನಕ ಬಂದಿದೆ ಅಂತ ಇರುತ್ತದೆ. ಪಟ್ಟಿ ಎರಡು: ಕೊನೆಯ ಅರ್ಜಿ ಹಾಕುವ ದಿನಾಂಕದ್ದು ಒಂದು, ಕಾರ್ಡು ಕೊಡುವ ಅಂತಿಮ ದಿನಾಂಕದ್ದು ಇನ್ನೊಂದು. ನಾನು ಊರಲ್ಲಿದ್ದಾಗ ಬಂದ ಆಗಸ್ಟ್ ಬುಲೆಟಿನ್‌ನಲ್ಲಿ ಭಾರತದ ಇಬಿ-2 ಸಾಲು 2012ರ ಜುಲೈ 15ಕ್ಕೆ ನಿಂತಿತ್ತು.

ನೀರು ನನ್ನ ಬದುವಿನ ತನಕ ಬಂದೇ ಇಲ್ಲ ಅಂತಲ್ಲ. ಎರಡು ಸಲ ಬಂದು ವಾಪಸ್ ಹೋಗಿದೆ. 2020ರ ಅಕ್ಟೋಬರ್‌ನಲ್ಲಿ ಅದರ ಕೆಳಗಿನ ಇಬಿ-3 ಸಾಲಿನ ಅರ್ಜಿ ಹಾಕುವ ದಿನಾಂಕ ಏಕ್‌ದಮ್ 2015ರ ಜನವರಿ 1ಕ್ಕೆ ಬಂತು. ಇಬಿ-2ನಲ್ಲಿದ್ದ ಎಷ್ಟೋ ಜನ ಒಂದು ಮೆಟ್ಟಿಲು ಇಳಿದು ಇಬಿ-3ಕ್ಕೆ ಹೋಗಿ ಕೊನೆಯ ಅರ್ಜಿ ಹಾಕಿಬಿಟ್ಟರು. ನನಗೆ ಎರಡು ತಿಂಗಳ ಅಂತರದಲ್ಲಿ ತಪ್ಪಿಹೋಯಿತು. 2022ರ ಸೆಪ್ಟೆಂಬರ್‌ನಲ್ಲಿ ಇಬಿ-2 ಸಾಲೇ 2014ರ ಡಿಸೆಂಬರ್ 1ರ ತನಕ ಬಂತು. ಮುಂದಿನ ತಿಂಗಳು ನಮ್ಮದೇ ಅಂತ ಹೆಂಡತಿ, ಮಗನ ಮೆಡಿಕಲ್ ಟೆಸ್ಟಿಗೂ ದಿನ ಗೊತ್ತು ಮಾಡಿದ್ದೆ. ಅಕ್ಟೋಬರ್ ಬುಲೆಟಿನ್ ತೆಗೆದರೆ 2012ರ ಏಪ್ರಿಲ್! ಎರಡೂವರೆ ವರ್ಷ ಹಿಂದಕ್ಕೆ. ಆ ಸಂಜೆ ನಾನು ಯಾರ ಜೊತೆಗೂ ಮಾತಾಡಲಿಲ್ಲ.

ಇಷ್ಟಾದರೂ ದುಡ್ಡು ಹಾಕಿ ಕಾರ್ಡು ತಗೊಳ್ಳುವ ಯೋಚನೆ ನನಗೆ ಬಂದಿರಲಿಲ್ಲ. ಅದು ಶ್ರೀಮಂತರ ದಾರಿ ಅಂತ ಬಿಟ್ಟಿದ್ದೆ. ಬಂದಿದ್ದು 2023ರಲ್ಲಿ ಕೆಲಸ ಹೋದಾಗ. ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲಿದ್ದವರಿಗೆ ಕೆಲಸ ಹೋದರೆ 60 ದಿನ ಟೈಮು. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ನನಗೆ 47ನೇ ದಿನಕ್ಕೆ ಕೆಲಸ ಸಿಕ್ಕಿತು. ಹೊಸ ಕಂಪನಿ ಲೇಬರ್ ಅರ್ಜಿ, ಅದಾದ ಮೇಲೆ ವಲಸೆ ಇಲಾಖೆಗೆ ಹಾಕುವ ಐ-140 ಅರ್ಜಿ, ಎಲ್ಲವನ್ನೂ ಮೊದಲಿಂದ ಹಾಕಿತು. ಹಳೆಯ ಐ-140 ಪಾಸಾಗಿದ್ದರಿಂದ 2015ರ ನಂಬರು ಮಾತ್ರ ಉಳಿಯಿತು. ಉಳಿದದ್ದೆಲ್ಲ ಶುರುವಿನಿಂದ.

ಅದಕ್ಕಿಂತ ದೊಡ್ಡ ಚಿಂತೆ ಮಗನದು. ಮಗಳು ಟೆಕ್ಸಾಸ್‌ನಲ್ಲಿ ಹುಟ್ಟಿದವಳು, ಅವಳಿಗೆ ಅಲ್ಲಿನ ಪೌರತ್ವ ಇದೆ. ಮಗ ಹುಟ್ಟಿದ್ದು ಇಲ್ಲಿ ಸಿಂಧನೂರಲ್ಲಿ, 2009ರಲ್ಲಿ. ಎರಡು ವರ್ಷದವನಿದ್ದಾಗ ಹೋದವನು. 2030ಕ್ಕೆ ಅವನಿಗೆ 21 ತುಂಬುತ್ತದೆ. ಅಷ್ಟರಲ್ಲಿ ಪಾಳಿ ಬರದಿದ್ದರೆ ನನ್ನ ಸಾಲಿನಿಂದ ಅವನ ಹೆಸರು ಬಿದ್ದುಹೋಗುತ್ತದೆ. ಐ-140 ಅರ್ಜಿ ಎಷ್ಟು ದಿನ ಆಫೀಸಿನಲ್ಲಿ ಕೊಳೆಯಿತೋ ಅಷ್ಟು ದಿನವನ್ನು ಮಗುವಿನ ವಯಸ್ಸಿನಿಂದ ಕಳೆಯುತ್ತಾರೆ ಅಂತ ಒಂದು ಕಾನೂನಿದೆ. ಒಳ್ಳೆಯ ಕಾನೂನೇ. ಆದರೆ ನಮ್ಮ ಕಂಪನಿ ಆಗ ಪ್ರೀಮಿಯಂ ಫೀ ಕಟ್ಟಿ ಬೇಗ ಮಾಡಿಸಿತ್ತು. ಹನ್ನೊಂದು ದಿನಕ್ಕೆ ಪಾಸಾಯಿತು ಅಂತ ನಾವು ಸ್ವೀಟ್ ಹಂಚಿದ್ದೆವು. ಅಂದರೆ ಮಗನ ವಯಸ್ಸಿನಿಂದ ಕಳೆಯಲು ಸಿಗುವುದು ಹನ್ನೊಂದೇ ದಿನ. ಬೇಗ ಬೇಡ ಅಂತ ಯಾರಿಗೆ ಹೊಳೆಯುತ್ತೆ ಹೇಳಿ?

ಹೈದರಾಬಾದಿನ ಒಂದು ದೊಡ್ಡ ಹೋಟೆಲಿನಲ್ಲಿ ಇಬಿ-5 ಬಗ್ಗೆ, ಅಂದರೆ ಹಣ ಹೂಡಿ ಗ್ರೀನ್ ಕಾರ್ಡು ತಗೊಳ್ಳುವ ದಾರಿಯ ಬಗ್ಗೆ, ಸಭೆ ಇದೆ ಅಂತ ಗೆಳೆಯ ಹೇಳಿದ. ತಮ್ಮನ ಜೊತೆ ಕಾರಲ್ಲಿ ಹೋದೆ. ಎಸಿ ಹಾಲು, ಹೊಳೆಯುವ ಪುಸ್ತಿಕೆ, ಮಧ್ಯಾಹ್ನಕ್ಕೆ ಬಿರಿಯಾನಿ. ಕೂತವರಲ್ಲಿ ಅರ್ಧ ಜನ ನನ್ನಂಥ ಎಚ್-1ಬಿ ಹುಡುಗರ ಅಪ್ಪಂದಿರು. ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು.

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇಬಿ-5 ಶುರುವಾಗಿದ್ದು 1990ರ ಕಾನೂನಿನಿಂದ. 2022ರ ಮಾರ್ಚ್ 15ಕ್ಕೆ ಅದಕ್ಕೆ ದೊಡ್ಡ ತಿದ್ದುಪಡಿ ಬಂತು. ಹಳ್ಳಿ ಕಡೆ ಅಥವಾ ನಿರುದ್ಯೋಗ ಜಾಸ್ತಿ ಇರುವ ಜಾಗದಲ್ಲಿ ಹಣ ಹೂಡಿದರೆ 8 ಲಕ್ಷ ಡಾಲರ್ ಸಾಕು, ಬೇರೆ ಕಡೆ 10 ಲಕ್ಷ 50 ಸಾವಿರ. ಆ ಹಣದಿಂದ ಹತ್ತು ಜನರಿಗೆ ಪೂರ್ಣ ಸಮಯದ ಕೆಲಸ ಹುಟ್ಟಬೇಕು. ಇಬಿ-5 ವೀಸಾಗಳಲ್ಲಿ 20 ಪರ್ಸೆಂಟ್ ಹಳ್ಳಿಯ ಯೋಜನೆಗಳಿಗೆ ಮೀಸಲು, 10 ಪರ್ಸೆಂಟ್ ನಿರುದ್ಯೋಗದ ಜಾಗಗಳಿಗೆ, 2 ಪರ್ಸೆಂಟ್ ಮೂಲಸೌಕರ್ಯಕ್ಕೆ. ಮೀಸಲು ಸಾಲಿನಲ್ಲಿ ಆಗ ಭಾರತದವರಿಗೆ ಕಾಯುವಿಕೆ ಇರಲಿಲ್ಲ. ಅಮೆರಿಕದಲ್ಲೇ ಇರುವವರು ಹೂಡಿಕೆಯ ಅರ್ಜಿ ಮತ್ತು ಕೊನೆಯ ಐ-485 ಅರ್ಜಿ ಎರಡನ್ನೂ ಒಟ್ಟಿಗೆ ಹಾಕಬಹುದು. ಹಾಕಿದ ಕೆಲವು ತಿಂಗಳಿಗೆ ಯಾವ ಕಂಪನಿಯಲ್ಲಾದರೂ ಕೆಲಸ ಮಾಡುವ ಪರವಾನಗಿ ಸಿಗುತ್ತದೆ. ನನ್ನ ಕಣ್ಣಿಗೆ ಹೊಡೆದಿದ್ದು ಇದೇ. ಕಾರ್ಡು ಆಮೇಲೆ ಬರಲಿ, 60 ದಿನದ ಕತ್ತಿ ಕೆಳಗಿಳಿಯುತ್ತದಲ್ಲ! ಮಗನ ವಯಸ್ಸಿನ ಲೆಕ್ಕವೂ ಇಲ್ಲಿ ನಮ್ಮ ಕಡೆ. ಈ ಅರ್ಜಿ ಆಫೀಸಿನಲ್ಲಿ ಎಷ್ಟು ತಡವಾದರೆ ಅಷ್ಟು ಅವನ ವಯಸ್ಸಿನಿಂದ ಕಳೆಯುತ್ತಾರೆ.

ನಾನು ಒಂದೇ ಪ್ರಶ್ನೆ ಕೇಳಿದೆ. "ಹೂಡಿಕೆದಾರರನ್ನು ಕರೆತರುವ ಏಜೆಂಟರು ಅಮೆರಿಕದ ವಲಸೆ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು, ನಿಮಗೆ ಸಿಗುವ ಕಮಿಷನ್ ಹೇಳಬೇಕು ಅಂತ ಹೊಸ ಕಾನೂನಿದೆ. ನಿಮ್ಮದು ಆಗಿದೆಯಾ?" ವೇದಿಕೆ ಮೇಲಿದ್ದವರು ನಕ್ಕು, "ಊಟದ ಮೇಲೆ ಮಾತಾಡೋಣ ಸರ್" ಅಂದರು. ಊಟ ಆಯಿತು, ಮಾತು ಆಗಲಿಲ್ಲ. ಈ ಪ್ರಶ್ನೆಗೆ ನೇರ ಉತ್ತರ ಕೊಡದವರ ಹತ್ತಿರ ಎರಡನೇ ಸಲ ಹೋಗಬೇಡಿ.

ರಾತ್ರಿ ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅಲ್ಲಿ ಹಳ್ಳಿ ಅಂದರೆ ಏನು ಅಂತ ಕೇಳಿದರು. ದೊಡ್ಡ ನಗರದ ವಲಯದ ಹೊರಗಿರಬೇಕು, 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಪಟ್ಟಣದ ಒಳಗೂ ಇರಬಾರದು ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು:

"ಅಂದ್ರ ಇಲ್ಲಿ ಹಳ್ಳಿ ಹೊಲ ಮಾರಿ, ಅಲ್ಲಿ ಹಳ್ಳಿಗೆ ರೊಕ್ಕ ಹಾಕೋದು. ಹೌದಿಲ್ಲೋ?"

ಅವ್ವ ಒಳಗಿಂದ ನಕ್ಕಳು. ನಾನೂ ನಕ್ಕೆ. ಆದರೆ ಅಪ್ಪ ತಮಾಷೆಗೆ ಅಂದಿರಲಿಲ್ಲ. ಬೆಳಿಗ್ಗೆ ಎದ್ದಾಗ ಟ್ರಂಕಿನಿಂದ ಕಾಗದಗಳನ್ನೆಲ್ಲ ತೆಗೆದು ಹಾಸಿಗೆ ಮೇಲೆ ಹರಡಿದ್ದರು. ಮೊಮ್ಮಗನ ವಿಷಯ ಬಂದರೆ ಅವರಿಗೆ ಹೊಲ ದೊಡ್ಡದಲ್ಲ.

ಎಷ್ಟು ಹಣ ಬೇಕು ಅಂತ ಮೊದಲು ಲೆಕ್ಕ ಹಾಕಿದೆವು. ಹೂಡಿಕೆ 8 ಲಕ್ಷ ಡಾಲರ್. ನನಗೆ ಹೇಳಿದ ಯೋಜನೆಯವರ ಆಡಳಿತ ಶುಲ್ಕ 60 ಸಾವಿರ. ಹೂಡಿಕೆ ಅರ್ಜಿಯ ಸರ್ಕಾರಿ ಫೀ ಆ ವರ್ಷದ ಏಪ್ರಿಲ್‌ನಲ್ಲಿ 3,675ರಿಂದ 11,160 ಡಾಲರ್‌ಗೆ ಹಾರಿತ್ತು, ಅದರ ಮೇಲೆ ಇನ್ನೂ ಒಂದು ಸಾವಿರ. ವಕೀಲರ ಫೀ ಬೇರೆ. ಎಲ್ಲ ಸೇರಿ 8 ಲಕ್ಷ 90 ಸಾವಿರ ಅಂತಿಟ್ಟುಕೊಂಡರೆ, ಡಾಲರಿಗೆ 84 ರೂಪಾಯಿಯಂತೆ ಏಳೂವರೆ ಕೋಟಿ. ನನ್ನ ಮನೆಯ ಮೇಲೆ ಸಾಲ, ಉಳಿತಾಯ ಎಲ್ಲ ಕೆರೆದರೆ 2 ಲಕ್ಷ ಡಾಲರ್. ಉಳಿದಿದ್ದು ಊರಿಂದ ಬರಬೇಕು. 14 ಎಕರೆ ಹೊಲ, ರೈಸ್ ಮಿಲ್ಲಿನಲ್ಲಿ ಅಪ್ಪನ ಪಾಲು.

ಅಮೆರಿಕದ ವಕೀಲೆಯ ಜೊತೆ ವಿಡಿಯೋದಲ್ಲಿ ಮಾತಾಡಿದೆ. ಅವರು ಯೋಜನೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು, ಹಣದ ಮೂಲದ ಬಗ್ಗೆ ಒಂದೂಕಾಲು ತಾಸು. ಪ್ರತಿ ರೂಪಾಯಿ ಎಲ್ಲಿ ಹುಟ್ಟಿತು, ಯಾರ ಕೈಗೆ ಬಂತು, ಯಾವ ಖಾತೆ ದಾಟಿ ಅಮೆರಿಕಕ್ಕೆ ಸೇರಿತು, ಎಲ್ಲಕ್ಕೂ ಕಾಗದ ಬೇಕು. ಅಪ್ಪ ಮಗನಿಗೆ ಉಡುಗೊರೆ ಕೊಡಬಹುದು, ತೊಂದರೆ ಇಲ್ಲ. ಆದರೆ ಅಪ್ಪನ ಹಣದ ಹುಟ್ಟನ್ನೂ ತೋರಿಸಬೇಕು. ಅಪ್ಪನ ಹೊಲ ಅವರ ಅಪ್ಪನಿಂದ ಬಂದಿದ್ದರೆ ಅದನ್ನೂ.

ಇಲ್ಲಿಂದ ನಮ್ಮ ನಿಜವಾದ ಅಲೆದಾಟ ಶುರು.

ಪಹಣಿ ತೆಗೆಸುವುದು ಈಗ ಸುಲಭ, ಮೊಬೈಲಲ್ಲೇ ಬರುತ್ತದೆ. ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ಪ್ರತಿಗೆ ತಾಲೂಕು ಆಫೀಸಿಗೆ ನಾಲ್ಕು ಸಲ ಹೋದೆ. ಹಳೆಯದು ಹುಡುಕುತ್ತ ಹೋದಂತೆ ಭಾಷೆಯೇ ಬದಲಾಯಿತು. ರಾಯಚೂರು 1948ರ ತನಕ ನಿಜಾಮರ ಸೀಮೆ, ಆಮೇಲೆ 1956ರ ತನಕ ಹೈದರಾಬಾದ್ ರಾಜ್ಯ. ಅಜ್ಜನ ಕಾಲದ ಕಾಗದಗಳು ಉರ್ದುವಿನಲ್ಲಿವೆ. 1954-55ರ ಖಾಸ್ರಾ ಪಹಣಿ ಒಂದು ನಮ್ಮ ಟ್ರಂಕಿನಲ್ಲೇ ಇತ್ತು. ಇಷ್ಟು ವರ್ಷ ಯಾರೂ ಅದನ್ನು ಓದಿರಲಿಲ್ಲ. ಓದಲು ಬರುವವರು ನಮ್ಮಲ್ಲಿ ಇರಲಿಲ್ಲ.

ರಾಯಚೂರಿನ ಕೋಟೆ ಹತ್ತಿರ ನಿವೃತ್ತ ಉರ್ದು ಮೇಷ್ಟ್ರು ಒಬ್ಬರಿದ್ದಾರೆ ಅಂತ ಯಾರೋ ಹೇಳಿದರು. ಅಪ್ಪನನ್ನೂ ಕರೆದುಕೊಂಡು ಹೋದೆ. ಅವರು ಕನ್ನಡಕ ಒರೆಸಿ, ಬೆರಳಿಟ್ಟು ಬಲದಿಂದ ಎಡಕ್ಕೆ ಓದುತ್ತ ಹೋದರು. ಸರ್ವೆ ನಂಬರು, ಅಜ್ಜನ ಹೆಸರು, ಎಕರೆ, ಗುಂಟೆ. ಆಮೇಲೆ ಒಂದು ಕಡೆ ನಿಂತು, "ಖುಷ್ಕಿ" ಅಂದರು. ಅಪ್ಪ ತಟ್ಟನೆ ತಲೆ ಎತ್ತಿದರು. ಖುಷ್ಕಿ ಅಂದರೆ ಒಣಭೂಮಿ. ಈಗ ಸೋನಾ ಮಸೂರಿ ಬೆಳೆಯುವ ಹೊಲ ಆಗ ಮಳೆ ನಂಬಿದ ಜೋಳದ ಹೊಲ. ಕಾಲುವೆ ಬಂದಿದ್ದು ಆಮೇಲೆ. ಮಾರುವುದಕ್ಕೆ ಅದಕ್ಕೆ ಬೆಲೆ ಬಂದಿದ್ದೂ ಆಮೇಲೆಯೇ. ಮೇಷ್ಟ್ರು ದುಡ್ಡು ತಗೊಳ್ಳಲಿಲ್ಲ, ಚಹಾ ಕುಡಿಸಿ ಕಳಿಸಿದರು. ಅಪ್ಪ ವಾಪಸ್ ಬರುವಾಗ ಮಾನ್ವಿ ತನಕ ಮಾತೇ ಆಡಲಿಲ್ಲ.

ಹೊಲದ ಮೂಲ ಹೀಗೆ ಸಿಕ್ಕಿತು. ಬೆಳೆಯ ಹಣದ್ದು ಸಿಗಲಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಅಪ್ಪ ಬಹಳ ವರ್ಷ ರಿಟರ್ನ್ ಹಾಕಿಲ್ಲ. ಭತ್ತ ಮಾರಿದ ದಲಾಲಿ ಅಂಗಡಿಯ ಚೀಟಿಗಳು ಕೆಲವು ಸಿಕ್ಕವು, ಜಾಸ್ತಿ ಇಲಿ ತಿಂದಿತ್ತು. ನಮ್ಮಪ್ಪ ಒಂದು ರೂಪಾಯಿಯನ್ನೂ ಅನ್ಯಾಯದಿಂದ ಗಳಿಸಿಲ್ಲ. ಆದರೆ ಅದನ್ನು ಕಾಗದದಲ್ಲಿ ತೋರಿಸು ಅಂದರೆ ನಮ್ಮ ಕೈ ಖಾಲಿ.

ಹೊಲ ಮಾರುವ ಮಾತು ಬಂದಾಗ ಇದು ಇನ್ನೂ ಬಿಗಿಯಾಯಿತು. ಪಕ್ಕದ ಕ್ಯಾಂಪಿನ, ಅಂದರೆ ಹೊರಗಿನಿಂದ ಬಂದು ನೆಲೆಸಿದವರ ಊರಿನ, ಒಬ್ಬರು ಬಂದು ನೋಡಿದರು. ಒಳ್ಳೆಯ ಮನುಷ್ಯ, ಅಪ್ಪನಿಗೆ ಮೂವತ್ತು ವರ್ಷದ ಪರಿಚಯ. ಎಕರೆಗೆ 38 ಲಕ್ಷ ಅಂದರು. ಕಾಗದದಲ್ಲಿ ಸರ್ಕಾರಿ ರೇಟು, ಉಳಿದಿದ್ದು ಕೈಯಿಂದ ಕೈಗೆ. ಇಲ್ಲಿ ವ್ಯವಹಾರ ನಡೆಯುವುದೇ ಹೀಗೆ, ಯಾರೂ ಮುಚ್ಚಿಡುವುದಿಲ್ಲ. ನಾನು ಪೂರಾ ಬ್ಯಾಂಕಿನಲ್ಲೇ ಬೇಕು ಅಂದೆ. ಅವರು ನನ್ನ ಮುಖ ನೋಡಿ ಅಪ್ಪನಿಗೆ ಹೇಳಿದರು: "ಸಾಹುಕಾರ್ರೆ, ಪೂರಾ ಚೆಕ್ ಆದ್ರ 29ರ ಮೇಲೆ ನನಗ ಗಿಟ್ಟಂಗಿಲ್ಲ."

ಅವರದೂ ತಪ್ಪಲ್ಲ. ಸ್ಟಾಂಪ್ ಖರ್ಚು ಜಾಸ್ತಿ ಬೀಳುತ್ತದೆ, ಅವರ ಹಣಕ್ಕೂ ಲೆಕ್ಕ ಕೇಳುವವರಿರುತ್ತಾರೆ. ಆದರೆ 14 ಎಕರೆಗೆ ಒಂಬತ್ತೊಂಬತ್ತು ಲಕ್ಷ ಬಿಟ್ಟರೆ 1 ಕೋಟಿ 26 ಲಕ್ಷ. ಕಾಗದಕ್ಕೆ ಕೊಡುವ ಬೆಲೆ ಅದು. ಕೈಯಲ್ಲಿ ಬರುವ ಹಣ ಇಬಿ-5 ಫೈಲಿಗೆ ಒಂದು ಪೈಸೆಗೂ ಉಪಯೋಗವಿಲ್ಲ. ನಮ್ಮ ತೆರಿಗೆ ಕಾನೂನಿಗೂ ತಪ್ಪು.

ಹಣ ಹೊರಗೆ ಕಳಿಸುವ ಮಾತಿಗೆ ಆಡಿಟರ ಹತ್ತಿರ ಹೋದೆವು. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2 ಲಕ್ಷ 50 ಸಾವಿರ ಡಾಲರ್ ಮಾತ್ರ ಕಳಿಸಬಹುದು. ಅಂದರೆ ಅಪ್ಪ, ಅವ್ವ, ತಮ್ಮ ಮೂವರೂ ಕಳಿಸಬೇಕು. ಅಪ್ಪ ಮೊದಲು ಅವರಿಬ್ಬರಿಗೆ ಕೊಡಬೇಕು, ಅದಕ್ಕೂ ಕಾಗದ. ಆಗ 7 ಲಕ್ಷ ರೂಪಾಯಿ ಮೇಲೆ ಕಳಿಸಿದ್ದಕ್ಕೆಲ್ಲ ಬ್ಯಾಂಕು 20 ಪರ್ಸೆಂಟ್ ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತಿತ್ತು. ಆ ಮಿತಿ 10 ಲಕ್ಷ ಆಗಿದ್ದು 2025ರ ಏಪ್ರಿಲ್‌ನಲ್ಲಿ. ಆಡಿಟರು ಕ್ಯಾಲ್ಕುಲೇಟರ್ ಒತ್ತಿ ನಮ್ಮ ಕಡೆ ತಿರುಗಿಸಿದರು. 1 ಕೋಟಿ 11 ಲಕ್ಷ ಚಿಲ್ಲರೆ. "ಹೋಗೋದಿಲ್ಲ ಸರ್, ರಿಟರ್ನ್ ಹಾಕಿದ ಮ್ಯಾಲೆ ವಾಪಸ್ ಬರ್ತದ" ಅಂದರು. ಬರುತ್ತದೆ, ನಿಜ. ಆದರೆ ಇವತ್ತು ಕಟ್ಟಬೇಕಲ್ಲ! ಊರ ಹೊಲ ಮಾರಿದ್ದಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಬೀಳುವುದಿಲ್ಲ, ಪಟ್ಟಣದಿಂದ ಒಂಬತ್ತು ಕಿಲೋಮೀಟರ್ ದೂರ ಇದೆ. ಹೀಗಾಗಿ ಹೊಂದಿಸಿಕೊಳ್ಳಲೂ ಅಪ್ಪನಿಗೆ ಅಷ್ಟು ತೆರಿಗೆ ಇಲ್ಲ. ಹೊಲ ಅಡ ಇಟ್ಟು ಸಾಲ ತೆಗೆದರೆ? ಇಂಥ ಹೂಡಿಕೆಗೆ ಹೊರಗೆ ಕಳಿಸಲು ಬ್ಯಾಂಕುಗಳು ಸಾಲ ಕೊಡುವ ಹಾಗಿಲ್ಲ. ಸಾಲದ್ದಕ್ಕೆ ಪಹಣಿಯ 11ನೇ ಕಲಂನಲ್ಲಿ ಬೆಳೆಸಾಲ ಮೊದಲೇ ಕೂತಿದೆ.

ಇಷ್ಟೆಲ್ಲ ಆದರೂ ಅಪ್ಪ "ಮಾರೋಣು" ಅನ್ನುತ್ತಲೇ ಇದ್ದರು. ಕಾರಟಗಿಯಿಂದ ಅಕ್ಕನನ್ನು ಕರೆಸಿದೆವು. ಹೆಣ್ಣುಮಕ್ಕಳಿಗೂ ಸಮಪಾಲು, ಅವಳ ಸಹಿ ಬೇಕೇ ಬೇಕು. "ನನಗೇನೂ ಬ್ಯಾಡೋ ತಮ್ಮಾ, ಹುಡುಗನ ಭವಿಷ್ಯ ದೊಡ್ಡದು" ಅಂದಳು. ಮಾಮ, ಅಂದರೆ ಅವಳ ಗಂಡ, ಪೇಪರ್ ಓದುತ್ತಿದ್ದವರು ಓದುತ್ತಲೇ ಇದ್ದರು. ಒಂದೇ ಪುಟವನ್ನು ಅರ್ಧ ತಾಸು.

ನನ್ನ ತಮ್ಮ ಮನೆಯಲ್ಲಿ ಏನೂ ಅನ್ನಲಿಲ್ಲ. ರಾತ್ರಿ ಮಿಲ್ಲಿನಲ್ಲಿ, ಮಷಿನ್ ನಿಲ್ಲಿಸಿದ ಮೇಲೆ ಹೇಳಿದ:

"ಅಣ್ಣಾ, ಸಿಟ್ಟಾಗಬ್ಯಾಡ. ನೀ ಅಲ್ಲಿರೋನು, ಎನ್ನಾರೈ. ಹೊಲ ಒಮ್ಮೆ ಮಾರಿದ್ರ ನಿನಗ ಮತ್ತ ಹೊಲ ಕೊಳ್ಳಾಕ ಬರಂಗಿಲ್ಲ. ನನಗ ಕೊಳ್ಳಾಕ ಬರ್ತದ, ಆದ್ರ ರೊಕ್ಕ ನಿನ್ನ ಹೋಟೆಲಿನ್ಯಾಗ ಇರ್ತದ."

ಎನ್ನಾರೈ ಕೃಷಿ ಭೂಮಿ ಕೊಳ್ಳುವ ಹಾಗಿಲ್ಲ, ವಾರಸಿನಿಂದ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ಇದು ನನಗೂ ಗೊತ್ತಿತ್ತು. ಅವನ ಬಾಯಲ್ಲಿ ಕೇಳಿದಾಗ ಬೇರೆ ಥರ ಕೇಳಿಸಿತು. ಹೋಟೆಲ್ ಅಂದಿದ್ದೂ ಸರಿಯೇ. ನಮಗೆ ತೋರಿಸಿದ ಯೋಜನೆ ಒಂದು ಹೋಟೆಲಿನದು.

ಆ ಹಣ ವಾಪಸ್ ಬರುವ ಗ್ಯಾರಂಟಿ ಇಲ್ಲ. ಸುಮ್ನೆ ಹೇಳುವ ಮಾತಲ್ಲ, ಕಾನೂನೇ ಹಾಗಿದೆ. ಹೂಡಿದ ಹಣ ಅಪಾಯದಲ್ಲಿರಬೇಕು. ವಾಪಸ್ ಕೊಟ್ಟೇ ಕೊಡುತ್ತೇವೆ ಅಂತ ಬರೆದುಕೊಟ್ಟರೆ ಅರ್ಜಿಯೇ ಬಿದ್ದುಹೋಗುತ್ತದೆ. ಮೊದಲು ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡು. ಅದು ಮುಗಿಯುವ ಮುಂಚಿನ 90 ದಿನದಲ್ಲಿ ಐ-829 ಅನ್ನುವ ಅರ್ಜಿ ಹಾಕಿ, ಹತ್ತು ಕೆಲಸ ಹುಟ್ಟಿದವು ಅಂತ ತೋರಿಸಬೇಕು. ಯೋಜನೆ ಅರ್ಧಕ್ಕೆ ನಿಂತರೆ ಹಣವೂ ಹೋಯಿತು, ಕಾರ್ಡೂ ಹೋಯಿತು. ಕೆಲಸದ ದಾರಿಯಲ್ಲಿ ಕಳೆದುಕೊಳ್ಳುವುದು ನನ್ನ ವರ್ಷಗಳನ್ನು. ಇಲ್ಲಿ ಕಳೆದುಕೊಳ್ಳುವುದು ಅಪ್ಪನದನ್ನು.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಬೆಳಿಗ್ಗೆ ಸಿಂಧನೂರಿನಲ್ಲಿ ಎಲ್ಲರ ಕೈಯಲ್ಲೂ ಅದೇ ವಿಡಿಯೋ. ಗೇಟಿನ ಮೇಲಿನ ಒತ್ತಡ ಇಳಿಸಲು ತುಂಬಿದ ನೀರನ್ನು ನದಿಗೆ ಬಿಡಬೇಕಾಯಿತು. ಅಪ್ಪ ಮೂರು ದಿನ ಟಿವಿ ಮುಂದಿನಿಂದ ಏಳಲಿಲ್ಲ. ನಾಟಿ ಮಾಡಿದ ಹೊಲಕ್ಕೆ ನೀರು ಬರುತ್ತೋ ಇಲ್ಲವೋ ಅಂತ ಇಡೀ ತಾಲೂಕು ಉಸಿರು ಹಿಡಿದಿತ್ತು. ಕೊಳ್ಳುವವರ ಫೋನೂ ಬಂತು: "ಸ್ವಲ್ಪ ದಿನ ನೋಡೋಣ್ರೀ." ನೀರಿಲ್ಲದಿದ್ದರೆ ಅದು ಮತ್ತೆ ಖುಷ್ಕಿಯೇ ಅಲ್ವಾ. ಒಂದು ವಾರದಲ್ಲಿ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು. ಎಪ್ಪತ್ತು ದಾಟಿದ ನಿವೃತ್ತ ಎಂಜಿನಿಯರ್ ಅವರು. ನಮ್ಮ ಓಣಿಯಲ್ಲಿ ಪಟಾಕಿ ಹೊಡೆದರು. ಮುಂದೆ ಮಳೆಯೂ ಬಂದು ಡ್ಯಾಮು ಮತ್ತೆ ತುಂಬಿತು.

ಸೆಪ್ಟೆಂಬರ್‌ನಲ್ಲಿ ಕೊಳ್ಳುವವರು ಮತ್ತೆ ಬಂದರು, 29ಕ್ಕೇ. ಅಷ್ಟರಲ್ಲಿ ನಾನು ಡಲ್ಲಾಸ್‌ಗೆ ಬಂದಿದ್ದೆ. ಅಪ್ಪ ಫೋನ್ ಮಾಡಿ, "ಏನ್ ಮಾಡೋಣು?" ಅಂದರು. ಬೇಡ ಅಂದೆ. ಯಾಕೆ ಅಂತ ಕೇಳಿದರು. ನಿಜ ಹೇಳಬೇಕೆಂದರೆ ಲೆಕ್ಕದ ಕಾರಣ ಯಾವುದೂ ನನ್ನ ಬಾಯಿಗೆ ಬರಲಿಲ್ಲ. ಆ ಮೂರು ದಿನ ಟಿವಿ ಮುಂದೆ ಕೂತಿದ್ದ ಅಪ್ಪನ ಮುಖ ಕಣ್ಣಮುಂದಿತ್ತು. ತಾನು ಕಾಣದ ಊರಿನ ಹೋಟೆಲಿಗಾಗಿ ಅವರು ಐದಾರು ವರ್ಷ ಹಾಗೆ ಕೂರುವುದು ನನಗೆ ಬೇಡವಾಗಿತ್ತು. "ನನ್ನ ಪಾಳಿಯೊಳಗ ಇರ್ತೀನಿ ಬಿಡಪ್ಪಾ" ಅಂದೆ.

ಇದನ್ನು ಓದಿ ಇಬಿ-5 ಕೆಟ್ಟದ್ದು ಅಂದುಕೊಳ್ಳಬೇಡಿ. ನನ್ನ ಜೊತೆ ಕೆಲಸ ಮಾಡುವ ಹೈದರಾಬಾದಿನ ಹುಡುಗನಿಗೆ ಅದು ಸರಿಹೋಯಿತು. ಅವನ ಅಪ್ಪ ಸರ್ಕಾರಿ ನೌಕರಿಯಲ್ಲಿದ್ದವರು. ಸಂಬಳ, ಮನೆ ಸಾಲ, ಫ್ಲಾಟ್ ಮಾರಿದ್ದು ಎಲ್ಲ ಬ್ಯಾಂಕಿನ ಕಾಗದದಲ್ಲಿದೆ. ಒಂದು ಫ್ಲಾಟ್ ಹೋದರೆ ಇನ್ನೊಂದಿದೆ. ಅವನಿಗೆ ಎಂಟು ತಿಂಗಳಿಗೆ ಕೆಲಸದ ಪರವಾನಗಿ ಬಂತು. ಅವನ ಮುಖದ ನಿರಾಳ ನೋಡಿ ನನಗೆ ಹೊಟ್ಟೆಕಿಚ್ಚಾಗಿದ್ದು ಸುಳ್ಳಲ್ಲ. ಆದರೆ ಕಳೆದುಕೊಂಡರೂ ಊಟಕ್ಕೆ ತೊಂದರೆಯಾಗದ ಹಣ, ಅದಕ್ಕೆ ಹುಟ್ಟಿದಾಗಿನಿಂದ ಕಾಗದ, ಈ ಎರಡೂ ಇಲ್ಲದವರು ವಕೀಲರ ಮೊದಲ ಫೀ ಕಟ್ಟುವ ಮುಂಚೆ ಒಮ್ಮೆ ಮನೆಯ ಟ್ರಂಕು ತೆಗೆದು ನೋಡಲಿ.

2025 ನನಗೆ ಒಳ್ಳೆಯ ವರ್ಷವಾಗಲಿಲ್ಲ. ಮಕ್ಕಳ ವಯಸ್ಸಿನ ಲೆಕ್ಕಕ್ಕೆ 2023ರಿಂದ ಅರ್ಜಿ ಹಾಕುವ ದಿನಾಂಕದ ಪಟ್ಟಿ ಹಿಡಿಯುತ್ತಿದ್ದರು. ಅದು ಯಾವಾಗಲೂ ಸ್ವಲ್ಪ ಮುಂದಿರುತ್ತದೆ. ಆಗಸ್ಟ್ 15ರಿಂದ ಮತ್ತೆ ಅಂತಿಮ ದಿನಾಂಕದ ಪಟ್ಟಿಗೇ ಹೋದರು. ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಅಂತ ಘೋಷಣೆ ಬಂತು. ಅದು ನನಗೆ ತಟ್ಟುವುದಿಲ್ಲ. ಮುಂದೆ ಮಗ ಕೆಲಸ ಹುಡುಕುವಾಗ ಏನಿರುತ್ತದೋ. ಆ ವಾರ ರಾತ್ರಿ ಎದ್ದು ಕೂತು ಹಳೆಯ ಲೆಕ್ಕದ ಹಾಳೆ ಮತ್ತೆ ತೆಗೆದಿದ್ದೇನೆ. ಹೆಂಡತಿ ಅದನ್ನು ಕಿತ್ತುಕೊಂಡು ಮಲಗು ಅಂದಳು.

ಈಗ ನಮ್ಮ ಯೋಚನೆ ಇಷ್ಟು. 2030ರೊಳಗೆ ಪಾಳಿ ಬಂದರೆ ಸರಿ. ಬರದಿದ್ದರೆ ಮಗ ವಿದ್ಯಾರ್ಥಿ ವೀಸಾಕ್ಕೆ ಬದಲಾಗಿ ಓದು ಮುಗಿಸುತ್ತಾನೆ. ಅದಕ್ಕೆ ಹಣ ಕೂಡಿಡುತ್ತಿದ್ದೇವೆ. ಅವನಿಗೆ ಎಲ್ಲ ಬಿಡಿಸಿ ಹೇಳಿದ್ದೇನೆ. ಕೇಳಿ, "ಹಾಗಾದರೆ ನಾನು ನನ್ನ ಸ್ವಂತ ಸಾಲಿನಲ್ಲಿ ನಿಲ್ಲಬೇಕಾ?" ಅಂದ. ಹೌದು ಅಂದೆ.

2025ರ ಅಕ್ಟೋಬರ್ ಬುಲೆಟಿನ್ ಬಂದಾಗ ಅಪ್ಪನಿಗೆ ಫೋನ್ ಮಾಡಿ, 2013ರ ಏಪ್ರಿಲ್‌ಗೆ ಬಂದಿದೆ ಅಂದೆ. "ನಿಂದು 15ರ ಮಾರ್ಚ್. ಇನ್ನೂ ಎರಡು ವರ್ಷದ ದೂರ" ಅಂತ ಅವರೇ ಲೆಕ್ಕ ಹಾಕಿದರು. ಆಮೇಲೆ ಊರ ಸುದ್ದಿ ಹೇಳಿದರು. ಅಜ್ಜ ತೀರಿಕೊಂಡಿದ್ದು 1984ರಲ್ಲಿ. ಎರಡು ಎಕರೆ ಇನ್ನೂ ಅವರ ಹೆಸರಲ್ಲೇ ಇತ್ತು. ಇಬಿ-5ಗಾಗಿ ನಾನು ಕೂಡಿಸಿದ್ದ ಫೈಲನ್ನು ನನ್ನ ತಮ್ಮ ತಾಲೂಕು ಆಫೀಸಿಗೆ ಒಯ್ದು ಪೌತಿ ಖಾತೆ ಮಾಡಿಸಿದ್ದಾನೆ. ಉರ್ದು ಕಾಗದದ ಅನುವಾದವೂ ಅದರಲ್ಲೇ ಇತ್ತು. ಒಂದೇ ಸಲಕ್ಕೆ ಕೆಲಸ ಆಯಿತಂತೆ.

"ನಿನ್ನ ಫೈಲು ಚಲೋ ಐತಿ ತಮ್ಮಾ" ಅಂದರು ಅಪ್ಪ. "ಯಾರಿಗೂ ಕೊಡಬ್ಯಾಡ ಅಂತ ಅವನಿಗೆ ಹೇಳೀನಿ."